ಕಂಪ್ಯೂಟರಿಗಾಗಿ ಗಿರಣಿ ನಿಲ್ಲಿಸಿದ್ದು

ಆಗ ನನಗೆ ಐವತ್ತೆಂಟು. ಹದಿನೆಂಟು ವರ್ಷದ ಹಿಂದಿನ ಮಾತು. ಮೂಡಲಗಿಯಲ್ಲಿ ನಮ್ಮದು ಹಿಟ್ಟಿನ ಗಿರಣಿ. ಗಂಡ ತೀರಿದ ಮೇಲೆ ನಾನೇ ನಡೆಸುತ್ತಿದ್ದೆ. ಮಗ ಲಾರಿ ಓಡಿಸುತ್ತಿದ್ದ, ಮನೆಯಲ್ಲಿ ಕಾಣುತ್ತಿದ್ದುದೇ ಅಪರೂಪ. ಸೊಸೆ ಹುಕ್ಕೇರಿಯವಳು, ತವರಿನಲ್ಲಿದ್ದಾಗಲೇ ಕಂಪ್ಯೂಟರ್ ಕಲಿತಿದ್ದಳು. ಗಿರಣಿಯ ಬಾಜೂ ಖೋಲಿಯಲ್ಲಿ ಒಂದು ಕಂಪ್ಯೂಟರ್, ಒಂದು ಪ್ರಿಂಟರ್ ಇಟ್ಟುಕೊಂಡು ಲಗ್ನದ ಕಾರ್ಡು ಮಾಡಿಕೊಡಲು ಶುರು ಮಾಡಿದ್ದಳು. ನನಗೆ ಅದರ ಮೇಲೆ ಪ್ರೀತಿಯೂ ಇರಲಿಲ್ಲ, ಸಿಟ್ಟೂ ಇರಲಿಲ್ಲ. ಗಿರಣಿ ನನ್ನದು, ಅದು ಅವಳದು.

ಎರಡಕ್ಕೂ ಕರೆಂಟ್ ಮಾತ್ರ ಒಂದೇ. ಗಿರಣಿ ಚಾಲೂ ಮಾಡಿದ ಕೂಡಲೇ ಮನೆಯ ಬಲ್ಬು ಕೆಂಪಗಾಗಿ, ಆಮೇಲೆ ಸುಧಾರಿಸಿಕೊಳ್ಳುತ್ತಿತ್ತು. ಕಂಪ್ಯೂಟರೂ ಒಮ್ಮೊಮ್ಮೆ ಆರಿ ಮತ್ತೆ ಹತ್ತುತ್ತಿತ್ತು. ಅವತ್ತು ಹತ್ತಲಿಲ್ಲ. ಸೊಸೆ ಓಡಿ ಬಂದಳು.

“ಅತ್ತೀ, ಗಿರಣಿ ಚಾಲೂ ಮಾಡಿದ್ರೇನ್ರಿ?”

“ಚಾಲೂ ಮಾಡದ ಅದರ ಮುಂದ ಕುಂತು ಭಜನಿ ಮಾಡ್ಲೇನು?”

“ಅಪ್‌ಡೇಟ್ ಹಾಕಿದ್ನಿರಿ! ಅರ್ಧಕ್ಕ ನಿಂತು ಕೆಟ್ಟ ಹೋತು. ಬಂದ್ ಮಾಡಬ್ಯಾಡ್ರಿ ಅಂತ ಅದರಾಗ ಬರದಿತ್ತು.”

“ಅದರಾಗ ಬರದದ್ದು ಇಲ್ಲಿ ನನಗ ಹೆಂಗ ಕಾಣಬೇಕು? ಹೊರಗ ಬಂದು ಬಾಯಿಲೆ ಹೇಳಬೇಕು.”

ಅಪ್‌ಡೇಟ್ ಅಂದರೆ ಕಂಪ್ಯೂಟರ್ ಒಳಗಿನ ಸಿಸ್ಟಮ್ಮಿಗೆ ಆಗಾಗ ಬರುವ ರಿಪೇರಿ. ಟೆಲಿಫೋನ್ ತಂತಿಯಲ್ಲಿ ಹನಿಹನಿಯಾಗಿ ಇಳಿಯುತ್ತದೆ. ಅದು ಇಳಿದು ಒಳಗೆ ಕೂಡುವಾಗ ಕರೆಂಟ್ ಹೋಗಬಾರದು. ಇದನ್ನೆಲ್ಲ ನಾನು ತಿಳಿದದ್ದು ಅವತ್ತೇ.

ಕೊಣ್ಣೂರಿನವರೊಬ್ಬರ ಮಗಳ ಲಗ್ನದ ಕಾರ್ಡು ಅದೇ ಸಂಜೆ ಕೊಡಬೇಕಿತ್ತು. ಕೊಡದಿದ್ದರೆ ಅವರು ಗೋಕಾಕಿನ ಪ್ರೆಸ್ಸಿಗೆ ಹೋಗುವವರು. ಅವರ ಹಿಂದೆ ಅವರ ಬೀಗರು, ಬೀಗರ ಹಿಂದೆ ಊರು. ಸೊಸೆಯ ಖೋಲಿಗೆ ಬೀಗ ಬೀಳುವುದು ಖಾತ್ರಿ. ಅವಳು ಅಳಲು ಕುಳಿತಳು.

“ಅತ್ತರ ಅದರಾಗ ಅಕ್ಷರ ಮೂಡ್ತಾವೇನು? ರಿಪೇರಿಯವಗ ಫೋನ್ ಹಚ್ಚು” ಅಂದೆ.

ರಿಪೇರಿಯವನು ಗೋಕಾಕಿನಿಂದ ಮೋಟಾರ್ ಸೈಕಲ್ ಮೇಲೆ ಬಂದ. ಏನೇನೋ ಒತ್ತಿ ನೋಡಿ ತಲೆಯಾಡಿಸಿದ. “ಸಿಸ್ಟಮ್ ಹೋಗೇತ್ರಿ ಮಾವಶಿ. ಹಳೇದು ಒರಸಿ ಹೊಸಾದು ಲೋಡ್ ಮಾಡಬೇಕು.”

ಜೋಳದ ಬುಟ್ಟಿ ಹೊತ್ತು ಬಂದಿದ್ದ ನಮ್ಮ ನೆರೆಮನೆಯವಳು ಬಾಗಿಲಿನಿಂದಲೇ ಕೇಳಿದಳು: “ಲೋಡ್ ಅಂದ್ರ ಎಷ್ಟ ಟನ್ನೋ ತಮ್ಮಾ? ಟ್ರ್ಯಾಕ್ಟರ್ ಹೇಳೂಣೇನು?”

ನಮ್ಮ ಕಡೆ ಲೋಡ್ ಅಂದರೆ ಕಬ್ಬು. ಎಲ್ಲರೂ ನಕ್ಕರು. ಸೊಸೆ ಮಾತ್ರ ನಗಲಿಲ್ಲ. “ಒರಸಿದ್ರ ಕಾರ್ಡೂ ಹೋಗತಾವಲ್ರಿ?”

“ಎಲ್ಲಿ ಇಟ್ಟೀರಿ? ಸಿ ದಾಗೋ, ಡಿ ದಾಗೋ?”

“ಡಿ ದಾಗ್ರಿ.”

“ಹಂಗಾರ ಉಳದ್ರಿ.” ನನ್ನ ಕಡೆ ತಿರುಗಿ ಹೇಳಿದ: “ಒಂದ ಮನಿ, ಎರಡ ಖೋಲಿ ಅಂತ ತಿಳ್ಕೋರಿ ಮಾವಶಿ. ನಾ ಮುಂದಿನ ಖೋಲಿ ಅಷ್ಟ ಕೆಡವಿ ಕಟ್ಟತೇನಿ. ಆದ್ರ ಇದು ಮುಗಿಯೂತನಾ ಗಿರಣಿ ಬಂದ್ ಇರಬೇಕು.”

ಬುಟ್ಟಿಗಳು ಬಾಗಿಲ ತನಕ ಸಾಲು ಹಿಡಿದಿದ್ದವು. ಇವತ್ತು ಸಂಜೆಯ ತನಕ ಹಿಟ್ಟಿಲ್ಲ ಎಂದು ಎಲ್ಲರಿಗೂ ಹೇಳಿದೆ.

“ಕಂಪ್ಯೂಟರ್ ರೊಟ್ಟಿ ಬಡಿತೈತೇನಬೇ?” ಅಂದಳು ನೆರೆಮನೆಯವಳು.

“ರೊಟ್ಟಿ ಬಡಿಯಂಗಿಲ್ಲ. ನಿನ್ನ ಮಗಳ ಲಗ್ನಕ್ಕ ಕಾರ್ಡ್ ಬಡಿತೈತಿ. ಬುಟ್ಟಿ ಇಟ್ಟು ಹೋಗು.”

ಗೊಣಗುತ್ತಾ ಹೋದಳು. ಬುಟ್ಟಿಯನ್ನಂತೂ ಒಯ್ಯಲಿಲ್ಲ. ನಾನು ಗಿರಣಿಯ ಸ್ವಿಚ್ಚಿನ ಕೆಳಗೇ ಗೋಣಿಚೀಲ ಹಾಸಿಕೊಂಡು ಕುಳಿತೆ. ಅವಸರದ ಜನ ಬಹಳ, ಯಾರಾದರೂ ಒತ್ತಿಬಿಟ್ಟರೆ ಕಷ್ಟ.

ಹೊತ್ತು ಇಳಿಯುವಾಗ ಕಂಪ್ಯೂಟರ್ ಎದ್ದಿತು. ಸೊಸೆ ಕಾರ್ಡು ತೆರೆದಳು. ನಾನು ಓದಿದ್ದು ಎರಡನೇ ಇಯತ್ತೆ. ಆದರೂ ಅದು ಕನ್ನಡವಲ್ಲ ಎಂಬುದು ನನಗೂ ಕಂಡಿತು. ಗಣಪತಿ ಇದ್ದ ಜಾಗದಲ್ಲಿ ಗಣಪತಿ ಇದ್ದ, ಅವನ ಕೆಳಗೆ ಬರೀ ಇಂಗ್ಲಿಷ್ ಅಕ್ಷರ, ಸೊಟ್ಟ ಗೆರೆ, ಚುಕ್ಕೆ. ಸರಿಯಾಗಿ ಅದೇ ಹೊತ್ತಿಗೆ ಹುಡುಗಿಯ ತಂದೆ ಕೊಣ್ಣೂರಿನಿಂದ ಬಂದು ಹಿಂದೆ ನಿಂತರು.

“ಏನ್ರಿ ಅಕ್ಕಾರ ಇದು? ನನ್ನ ಮಗಳನ್ನ ಲಂಡನ್‌ಗೆ ಕೊಟ್ಟಿಲ್ರಿ, ಮಗ್ಗಲ ಊರಿಗೆ ಕೊಟ್ಟೇನಿ.”

ರಿಪೇರಿಯವನು ಹಣೆ ಬಡಿದುಕೊಂಡ. “ಕನ್ನಡದ ಅಕ್ಷರ ಹಾಕೂದ ಮರತೇನ್ರಿ. ಅವು ಮುಂದಿನ ಖೋಲ್ಯಾಗ ಇದ್ದು.”

“ಕುಂದರ್ರಿ ಅಣ್ಣಾರ, ಚಾ ಕುಡೀರಿ. ಕಾರ್ಡ್ ತಗೊಂಡ ಹೋಗೂರಂತ” ಅಂದೆ. ನನಗೇನು ಗೊತ್ತಿತ್ತು? ಏನೂ ಇಲ್ಲ. ಆದರೆ ಗಿರಾಕಿ ಎದ್ದು ಹೋದ ಮೇಲೆ ಕನ್ನಡ ಬಂದು ಏನು ಉಪಯೋಗ? ಚಹಾ ಇನ್ನೂ ಬಸಿಯಲ್ಲಿರುವಾಗಲೇ ಅಕ್ಷರಗಳು ಒಮ್ಮೆಲೇ ಕನ್ನಡವಾದವು. ಅವರು ಕಣ್ಣು ಕಿರಿದು ಮಾಡಿ ಅಳಿಯನ ಹೆಸರನ್ನೇ ಎರಡು ಸಲ ಓದಿದರು. ಕತ್ತಲಾಗುವಷ್ಟರಲ್ಲಿ ಕಾರ್ಡಿನ ಕಟ್ಟು ಎತ್ತಿಕೊಂಡು ಹೊರಟರು. ನಾನು ಗಿರಣಿ ಚಾಲೂ ಮಾಡಿದೆ.

ರಿಪೇರಿಯವನು ಹೋಗುವಾಗ ಹೇಳಿದ್ದ: “ತಿಂಗಳಾ ಅಪ್‌ಡೇಟ್ ಹಾಕೋತ ಇರ್ರಿ. ಇಲ್ಲಾಂದ್ರ ವೈರಸ್ ಹೊಕ್ಕು ಮತ್ತ ಇದ ಹಾಡು.”

ಊಟಕ್ಕೆ ಕುಳಿತಾಗ ಸೊಸೆ ಅಂದಳು: “ಆ ಉಸಾಬರಿನ ಬ್ಯಾಡ್ರಿ ಅತ್ತಿ. ನಡದಷ್ಟು ನಡೀಲಿ.”

“ಸವದ ಕಲ್ಲಿನ್ಯಾಗ ಬೀಸಿದ್ರ ಹಿಟ್ಟ ಬೀಳತೈತೇನು? ತಿಂಗಳಾ ಅಮಾಸಿಗೆ ಗಿರಣಿ ಬಂದ್ ಇಟ್ಟು ನಾ ಕಲ್ಲು ಕೊರಸಂಗಿಲ್ಲೇನು? ನಾಳೆ ಅಮಾಸಿ. ನೀನೂ ಹಾಕು.”

“ಅಮಾಸಿ ದಿನಾ ಯಾರರೆ ಹೊಸಾದು ಹಾಕ್ತಾರೇನ್ರಿ? ಅದೂ ಲಗ್ನದ ಕಾರ್ಡಿನ ಮಷಿನ್‌ಗೆ?”

“ಹೊಸಾದು ಇವತ್ತ ಹಾಕಿ ಆತು. ನಾಳೆದು ಬರೇ ದುರಸ್ತಿ. ದುರಸ್ತಿಗೆ ಯಾವ ಭಟ್ಟ ಮುಹೂರ್ತ ತಗದಾನ?”

ಅವಳು ತಾಟು ಎತ್ತಿಕೊಂಡು ಎದ್ದಳು. ಒಪ್ಪಿದಳೋ ಇಲ್ಲವೋ ನಾನೂ ಕೇಳಲಿಲ್ಲ.

ಮರುದಿನ ಬೆಳಿಗ್ಗೆ ಎದ್ದವಳೇ ಗಿರಣಿಯ ಫ್ಯೂಜುಗಳನ್ನು ಕಿತ್ತು ಸೆರಗಿನಲ್ಲಿ ಕಟ್ಟಿಕೊಂಡೆ. ಟೆಲಿಫೋನ್ ತಂತಿ ತಂದು ಸೊಸೆಯ ಕೈಗೆ ಕೊಟ್ಟು, “ಹಚ್ಚು” ಅಂದೆ.