ನವಿಲು ಕಾರಿಗೆ ಸೀಟು ಹೊಲಿದ ವೆಲ್ಡಾ

ಕಾರಿನ ವಿಷಯದಲ್ಲಿ ವೆಲ್ಡಾ ಸ್ಟಿಲ್‌ವೆಲ್ ಜೊತೆ ಮಾತಿಗಿಳಿದು ಗೆದ್ದವರು ನಮ್ಮ ಆಯಿಲ್‌ಡೇಲ್‌ನಲ್ಲಿ ಯಾರೂ ಇರಲಿಲ್ಲ. ನನ್ನ ಟಯರ್ ಅಂಗಡಿಯ ಎದುರಿಗೇ ಅವಳ ಕುಶನ್ ಅಂಗಡಿ. ಅವಳಪ್ಪ ಓಕ್ಲಹೋಮಾದಲ್ಲಿ ಕುದುರೆಗೆ ಜೀನು ಹೊಲಿಯುತ್ತಿದ್ದವನು. ಕ್ಯಾಲಿಫೋರ್ನಿಯಾಕ್ಕೆ ಬಂದು ನೋಡಿದರೆ ಇಲ್ಲಿ ಕುದುರೆಗಿಂತ ಕಾರುಗಳೇ ಹೆಚ್ಚು. ಮಗಳು ಅದೇ ಸೂಜಿ ಹಿಡಿದು ಕಾರಿನ ಸೀಟು ಹೊಲಿಯಲು ಕೂತಳು. ಗಂಡ ಕ್ಲೀಟಸ್ ಎಣ್ಣೆ ಬಾವಿಯ ಪಂಪು ನೋಡಿಕೊಳ್ಳುವವನು. ಮನೆಯ ಮಾತೆಲ್ಲ ಹೆಂಡತಿಗೆ ಬಿಟ್ಟುಕೊಟ್ಟು, ಎಂಜಿನ್ನುಗಳನ್ನು ಮಾತ್ರ ತನಗೆ ಇಟ್ಟುಕೊಂಡಿದ್ದ.

ಇಬ್ಬರೂ ಸೇರಿ ಒಂದು ಹಾಟ್ ರಾಡ್, ಅಂದರೆ ವೇಗಕ್ಕೆಂದೇ ಮಾರ್ಪಡಿಸಿದ ಹಳೇ ಕಾರು, ಕಟ್ಟಿದ್ದರು. ಮೂವತ್ತೆರಡನೇ ಇಸವಿಯ ಫೋರ್ಡ್. ಮಡ್‌ಗಾರ್ಡುಗಳನ್ನು ಕಿತ್ತೆಸೆದು, ಚಾವಣಿ ಕೊಯ್ದು ತಗ್ಗಿಸಿ, ಅದು ಕನಸಿನಲ್ಲೂ ಕಾಣದಷ್ಟು ದೊಡ್ಡ ಎಂಜಿನ್ ಕೂರಿಸಿದ್ದರು. ಬಣ್ಣವೆಂದರೆ ತುಕ್ಕು ತಡೆಯಲು ಬಳಿದ ಬೂದುಬಣ್ಣದ ಪ್ರೈಮರ್ ಅಷ್ಟೇ. ಸೀಟಿಗೆ ಕಂದು ರೆಕ್ಸಿನ್, ನೇರ ಹೊಲಿಗೆ. ಮರುಭೂಮಿಯ ಒಣಗಿದ ಕೆರೆಯಂಗಳಕ್ಕೆ ಒಯ್ದು ಬಿಟ್ಟರೆ ಅದು ಧೂಳಿನ ಗೋಡೆ ಎಬ್ಬಿಸಿಕೊಂಡು ಹಾರುತ್ತಿತ್ತು. ಓಡಿಸುತ್ತಿದ್ದವಳು ವೆಲ್ಡಾ. ಕ್ಲೀಟಸ್ ಪಕ್ಕದಲ್ಲಿ ಟೋಪಿ ಹಿಡಿದುಕೊಂಡು ನಿಂತು ನೋಡುತ್ತಿದ್ದ.

ಅರವತ್ತರ ದಶಕದ ಆರಂಭವದು. ನದಿಯಾಚೆಯ ಬೇಕರ್ಸ್‌ಫೀಲ್ಡಿನಲ್ಲಿ, ಓಡಿಸಲು ಅಲ್ಲದೆ ನೋಡಲೆಂದೇ ಸಿಂಗರಿಸಿದ ಶೋ ಕಾರುಗಳ ಹುಚ್ಚು ಹಿಡಿದಿತ್ತು. ಆ ವಸಂತದ ಕಾರು ಪ್ರದರ್ಶನಕ್ಕೆ ಎಲಿಸಿಯೊ ಬರಗಾನ್ ಎಂಬ ಮೆಕ್ಸಿಕನ್ ಮೂಲದ ಯುವಕ ಒಂದು ಕಾರು ತಂದ. ಟಿಂಕರಿಂಗ್ ಮತ್ತು ಪೇಂಟಿಂಗ್ ಅವನ ಕಸುಬು. ಕಾರಿನ ಹೆಸರು ಪಾವೊ ರಿಯಾಲ್. ಅವರ ಸ್ಪ್ಯಾನಿಷಿನಲ್ಲಿ ನವಿಲು ಎಂದರ್ಥ. ಒಳಗೆ ದೀಪ ಹಚ್ಚಿಟ್ಟಂತೆ ಹೊಳೆಯುವ ಹಸಿರು ಬಣ್ಣ, ಹಿಂದೆ ಬಾಲದಂತೆ ಚಾಚಿದ ರೆಕ್ಕೆ, ಚಾವಣಿಯ ಜಾಗದಲ್ಲಿ ಗಾಜಿನಂಥ ಪ್ಲಾಸ್ಟಿಕ್ಕಿನ ಗುಮ್ಮಟ. ಅದು ಟ್ರೇಲರ್ ಮೇಲೆ, ರಜಾಯಿ ಹೊದ್ದುಕೊಂಡು ಬಂತು.

ವೆಲ್ಡಾ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಇದು ನಡೆಯುತ್ತೋ, ಇಲ್ಲಾ ಎಲ್ಲಿಗೆ ಹೋದ್ರೂ ಹೊತ್ಕೊಂಡೇ ಹೋಗ್ಬೇಕೋ?"

"ಮದುಮಗಳನ್ನ ಯಾರಾದ್ರೂ ಬಿಸಿಲಲ್ಲಿ ನಡೆಸ್ಕೊಂಡು ಬರ್ತಾರಾ, ದೋನ್ಯಾ ವೆಲ್ಡಾ?" ಎಂದ ಎಲಿಸಿಯೊ. ಅವರಲ್ಲಿ ಹಿರಿಯ ಹೆಂಗಸರಿಗೆ ದೋನ್ಯಾ ಎನ್ನುವುದು ಮರ್ಯಾದೆ.

"ಮದುಮಗಳು ಮದುವೆ ಮುಗಿದ್ಮೇಲಾದ್ರೂ ಎದ್ದು ಓಡಾಡ್ತಾಳೆ ಮಗಾ. ಓಡದೇ ಇರೋದು ಕಾರಲ್ಲ, ಸೋಫಾ."

"ಮತ್ತೆ ನಿಮ್ದು? ಹಲ್ಲಿಲ್ಲದ ಅಜ್ಜ ಬನಿಯನ್ನಲ್ಲೇ ಮದುವೆಮನೆಗೆ ಬಂದಂಗಿದೆ."

ಸುತ್ತ ನಿಂತವರೆಲ್ಲ ಗೊಳ್ಳೆಂದು ನಕ್ಕರು. ವೆಲ್ಡಾ ಕೂಡ ನಕ್ಕಳು, ಆದರೆ ಎಲ್ಲರಿಗಿಂತ ತುಸು ತಡವಾಗಿ.

ಸ್ವಲ್ಪ ದಿನ ಕಳೆದ ಮೇಲೆ ಅದೇ ಟ್ರೇಲರ್ ಅವಳ ಅಂಗಡಿ ಮುಂದೆ ಬಂದು ನಿಂತಿತು. ನಾನು ಕೈಯಲ್ಲಿದ್ದ ಟಯರ್ ಬಿಟ್ಟು ರಸ್ತೆ ದಾಟಿದೆ. ಇಂಥ ತಮಾಷೆಯನ್ನು ತಪ್ಪಿಸಿಕೊಳ್ಳುವುದುಂಟೇ?

ಎಲಿಸಿಯೊ ಟೋಪಿ ತೆಗೆದು ನಿಂತಿದ್ದ. ಯಾರೋ ಹೊಲಿದುಕೊಟ್ಟ ಸೀಟು ಮೂಲೆಮೂಲೆಯಲ್ಲಿ ಸುಕ್ಕುಗಟ್ಟಿತ್ತು. ಜೂನ್ ತಿಂಗಳ ದೊಡ್ಡ ಪ್ರದರ್ಶನಕ್ಕೆ ಹೊಸದಾಗಿ ಹೊಲಿದುಕೊಡಬೇಕಂತೆ. "ನಿಮ್ಮಷ್ಟು ಚೆನ್ನಾಗಿ ಹೊಲಿಯೋರು ಈ ಕಣಿವೇಲೇ ಇಲ್ಲ. ನಿಮ್ಮನ್ನ ಬೈಯೋರೂ ಅದನ್ನ ಒಪ್ತಾರೆ," ಎಂದ.

"ನಾನು ಸೋಫಾ ಹೊಲಿಯಲ್ಲ."

"ಒಂದ್ಸಲ ನೋಡಿ. ಆಮೇಲೆ ಬೇಡ ಅನ್ನಿ."

ವೆಲ್ಡಾ ಯಾವ ಕಾರನ್ನೇ ಆಗಲಿ ಮೇಲಿಂದ ನೋಡುತ್ತಿರಲಿಲ್ಲ. ಏಪ್ರನ್ ಸಮೇತ ಟ್ರೇಲರ್ ಕೆಳಗೆ ತೆವಳಿ, ಟಾರ್ಚ್ ಹಾಕಿದಳು. ತುಂಬ ಹೊತ್ತು ಅವಳ ಬೂಟುಗಳಷ್ಟೇ ಕಾಣುತ್ತಿದ್ದವು. ಮನುಷ್ಯರ ಕಣ್ಣು ಬೀಳದ ಅಡಿಭಾಗದಲ್ಲೂ ಎಲಿಸಿಯೊ ಪ್ರತಿ ಬೆಸುಗೆಯನ್ನು ಉಜ್ಜಿ, ಊಟದ ತಟ್ಟೆಯಷ್ಟು ನುಣುಪು ಮಾಡಿ, ಅದೇ ಹಸಿರು ಬಳಿದಿದ್ದ.

"ಇದನ್ನ ಯಾರು ನೋಡ್ತಾರೆ ಅಂತ ಮಾಡ್ದೆ?" ಎಂದು ಕೆಳಗಿನಿಂದಲೇ ಕೇಳಿದಳು.

"ಈಗ ನೀವು ನೋಡಿದ್ರಲ್ಲ."

ಅವಳು ಹೊರಗೆ ಬಂದು ಮೊಣಕಾಲಿನ ಮಣ್ಣು ಕೊಡವಿದಳು. "ಹೊಲೀತೀನಿ. ಆದ್ರೆ ಒಂದು ಮಾತು. ಜೂನ್‌ನಲ್ಲಿ ಇದು ನನ್ನ ಅಂಗಡಿಯಿಂದ ಅಲ್ಲೀವರೆಗೂ ತಾನೇ ಓಡ್ಕೊಂಡು ಹೋಗ್ಬೇಕು. ಟ್ರೇಲರ್ ಗೀಲರ್ ಇಲ್ಲ."

"ಕಲ್ಲು ಸಿಡಿದು ಬಣ್ಣ ಹಾಳಾದ್ರೆ?"

"ಆಗುತ್ತೆ. ರಸ್ತೆ ಅಂದ್ರೇನೇ ಅದು."

ಎಲಿಸಿಯೊ ಹಸಿರು ಬಣ್ಣವನ್ನೊಮ್ಮೆ ಸವರಿ ಒಪ್ಪಿಕೊಂಡ. ಆ ಸಂಜೆ ಕ್ಲೀಟಸ್ ಬಂದು ಬಾನೆಟ್ ಎತ್ತಿ ನೋಡಿದ. ಎಲ್ಲವೂ ಕನ್ನಡಿಯಂತೆ ಹೊಳೆಯುತ್ತಿತ್ತು, ಆದರೆ ರೇಡಿಯೇಟರಿಗೆ ನೀರಿನ ಕೊಳವೆಯೇ ಇರಲಿಲ್ಲ. "ಪಾತ್ರೆ ಚೆನ್ನಾಗಿದೆ. ನೀರು ಹಾಕೋಕೇ ಮರ್ತಿದೀಯ," ಎಂದ. ಆ ವಾರ ಅವನಾಡಿದ ಅತಿ ಉದ್ದದ ಮಾತು ಅದೇ ಇರಬೇಕು.

ಅಲ್ಲಿಂದ ಮುಂದೆ ಗಂಡಸರಿಬ್ಬರೂ ಎಂಜಿನ್ನಿಗೆ ಜೀವ ತುಂಬುತ್ತ ಕೂತರು. ಎಲಿಸಿಯೊನ ತಾಯಿ ಜೋಳದ ಸಿಪ್ಪೆಯಲ್ಲಿ ಹಿಟ್ಟು ಸುತ್ತಿ, ಹಬೆಯಲ್ಲಿ ತಮಾಲೆ ಬೇಯಿಸಿ ಕಳಿಸುತ್ತಿದ್ದಳು, ವೆಲ್ಡಾ ಬೀನ್ಸ್ ಮತ್ತು ಜೋಳದ ಬ್ರೆಡ್ ಮಾಡಿಡುತ್ತಿದ್ದಳು. ಎರಡೂ ಕಡೆಯ ಊಟ ಹೊಡೆಯಲು ನಾನೂ ಹಾಜರ್. ವೆಲ್ಡಾ ಮಾತ್ರ ಒಳಗಿನ ಕೋಣೆಯ ಬಾಗಿಲು ಹಾಕಿಕೊಂಡು ಹೊಲಿಯುತ್ತಿದ್ದಳು. ಒಮ್ಮೆ ಬಾಗಿಲು ಸರಿಸಿ, "ಹೆಂಗೆ ಬರ್ತಿದೆ?" ಅಂದೆ.

"ಅಸಹ್ಯ," ಅಂದಳು, ಬಾಯಲ್ಲಿ ಸಣ್ಣ ಮೊಳೆಗಳನ್ನು ಕಚ್ಚಿಕೊಂಡೇ. ಆದರೆ ಅವಳ ಮುಖ ಹಬ್ಬದ ಮನೆಯಂತಿತ್ತು. ಮುತ್ತಿನ ಬಿಳುಪಿನ ರೆಕ್ಸಿನ್ನಿನಲ್ಲಿ ವಜ್ರದಾಕಾರದ ಉಬ್ಬುಗಳು, ಒಂದೊಂದರ ನಡುವೆ ಒಂದು ಗುಂಡಿ. ಬೆನ್ನಿನ ಭಾಗದಲ್ಲಿ ಬಿಚ್ಚಿದ ನವಿಲುಗರಿ, ಬಿಳಿಯ ಮೇಲೆ ಬಿಳಿ ದಾರದಲ್ಲೇ. ಅಪ್ಪ ಜಂಬದ ಜೀನುಗಳಿಗೆ ಹಾಕುತ್ತಿದ್ದ ಆ ಹೊಲಿಗೆಯೆಲ್ಲ ಅವಳ ಕೈಯಲ್ಲಿ ಇಷ್ಟು ವರ್ಷ ಸುಮ್ಮನೆ ಕೂತಿತ್ತೆಂದು ನನಗೆ ಆಗ ಗೊತ್ತಾಯಿತು.

ಪ್ರದರ್ಶನದ ದಿನ ಬಿಸಿಲು ಕೆಂಡ ಕಾರುತ್ತಿತ್ತು. ಎಲಿಸಿಯೊ ಕೋಟು, ಟೈ ತೊಟ್ಟು ಕಾರಿನಲ್ಲಿ ಕೂತ. ಗುಮ್ಮಟ ಝುಂಯ್ ಎಂದು ಇಳಿದು ಮುಚ್ಚಿಕೊಂಡಿತು. ಹಿಂದೆ ಫೋರ್ಡಿನಲ್ಲಿ ವೆಲ್ಡಾ ಮತ್ತು ಕ್ಲೀಟಸ್, ಅದರ ಹಿಂದೆ ನನ್ನ ಪಿಕಪ್. ಸೇತುವೆ ದಾಟಿ ಚೆಸ್ಟರ್ ಅವೆನ್ಯೂಗೆ ಬಂದಾಗ ಅಂಗಡಿಯವರು, ಕ್ಷೌರಕ್ಕೆ ಕೂತವರು ಎಲ್ಲ ರಸ್ತೆಗೆ ಬಂದು ನಿಂತಿದ್ದರು. ಅಷ್ಟರಲ್ಲಿ ಪಾವೊ ರಿಯಾಲ್ ಓಲಾಡಿಕೊಂಡು ಒಂದು ಹ್ಯಾಂಬರ್ಗರ್ ಅಂಗಡಿಯ ಅಂಗಳಕ್ಕೆ ತಿರುಗಿ ನಿಂತುಬಿಟ್ಟಿತು. ಗುಮ್ಮಟ ಎತ್ತುವ ಮೋಟರಿನ ತಂತಿ ಸುಟ್ಟು ಹೋಗಿತ್ತು. ಗುಮ್ಮಟ ಎತ್ತದೆ ಬಾಗಿಲೂ ತೆರೆಯುವಂತಿರಲಿಲ್ಲ. ಒಳಗೆ ಎಲಿಸಿಯೊ ಹಬೆಯ ಪಾತ್ರೆಯಲ್ಲಿಟ್ಟ ತಮಾಲೆಯಂತೆ ಬೇಯುತ್ತಿದ್ದ.

ತಿಂಡಿ ಕೊಡುವ ಹುಡುಗಿಯರು ಬಕೆಟ್‌ಗಟ್ಟಲೆ ಐಸ್ ತಂದು ಗುಮ್ಮಟದ ಮೇಲೆ ಸುರಿದರು. ಕ್ಲೀಟಸ್ ಸುತ್ತಿಗೆ ಎತ್ತಿದ. ಒಳಗಿನಿಂದ ಎಲಿಸಿಯೊ ಎರಡೂ ಕೈ ಅಲ್ಲಾಡಿಸಿದ: "ಬೇಡ! ಬೇಡ! ಒಡೀಬೇಡಿ!"

"ಚಿಲಕ ಎಲ್ಲಿದೆ?" ಎಂದು ವೆಲ್ಡಾ ಕೂಗಿದಳು.

ಅವನು ಬೆನ್ನ ಹಿಂದೆ ಬೆರಳು ತೋರಿಸಿದ. ನವಿಲುಗರಿಯ ಹಿಂದೆ. ಅವನು ಕೂತಲ್ಲಿಂದ ಕೈ ಎಟುಕುವಂತಿರಲಿಲ್ಲ. ಡಿಕ್ಕಿಯ ಕಡೆಯಿಂದ ಕೈ ಹಾಕಬಹುದಿತ್ತು, ಆದರೆ ಗರಿ ಬಿಚ್ಚಿದ ಅವಳದೇ ಹೊಲಿಗೆ ಬೆನ್ನು ದಾಟಿ ಆ ಕಡೆಗೂ ಹರಡಿ ಬಿಗಿದಿತ್ತು.

ವೆಲ್ಡಾ ಏಪ್ರನ್ ಜೇಬಿನಿಂದ ಚಾಕು ತೆಗೆದು ಡಿಕ್ಕಿಯೊಳಕ್ಕೆ ಇಳಿದಳು. ಎಲಿಸಿಯೊಗೆ ಅರ್ಥವಾಯಿತು. "ಅಯ್ಯೋ, ದೋನ್ಯಾ, ಕತ್ತರಿಸಬೇಡಿ! ನಿಮ್ಮ ದಮ್ಮಯ್ಯ! ನಾನು ಇನ್ನೂ ಸ್ವಲ್ಪ ಹೊತ್ತು ತಡ್ಕೊತೀನಿ!"

"ಬಾಯಿ ಮುಚ್ಚೋ, ಬೆಂದು ಹೋಗ್ತೀಯ! ನಿಮ್ಮಮ್ಮನಿಗೆ ನಾನೇನು ಉತ್ತರ ಹೇಳ್ಲಿ?"

ರೆಕ್ಸಿನ್ ಸೀಳಿದ ಸದ್ದು ರಸ್ತೆಯವರೆಗೂ ಕೇಳಿಸಿತು. ಭುಜದವರೆಗೂ ಕೈ ತೂರಿಸಿ ಅವಳು ಚಿಲಕ ಎಳೆದಳು. ಕ್ಲೀಟಸ್ ಮತ್ತು ನಾನು ಗುಮ್ಮಟವನ್ನು ಹೊತ್ತು ಕೆಳಗಿಳಿಸಿದೆವು. ಎಲಿಸಿಯೊ ನೀರೂ ಕೇಳಲಿಲ್ಲ. ಹಿಂತಿರುಗಿ ಸೀಳಿದ ಗರಿಯನ್ನು ನೋಡುತ್ತ ಕೂತ. ವೆಲ್ಡಾಳ ಕೆನ್ನೆಯ ಮೇಲೆ ನೀರಿಳಿಯುತ್ತಿತ್ತು.

"ಬೆವರು," ಎಂದಳು ನನ್ನನ್ನು ದುರುಗುಟ್ಟಿ ನೋಡಿ. ನಾನೇನೂ ಕೇಳಿರಲಿಲ್ಲ.

ಗುಮ್ಮಟವನ್ನು ನನ್ನ ಪಿಕಪ್ಪಿನಲ್ಲಿ ಕಂಬಳಿ ಸುತ್ತಿ ಮಲಗಿಸಿ ಮತ್ತೆ ಹೊರಟೆವು. ಈ ಸಲ ಎಲಿಸಿಯೊ ಕೋಟು ಬಿಚ್ಚಿ ಎಸೆದಿದ್ದ. ಗಾಳಿಗೆ ಅವನ ಟೈ ಬಾವುಟದಂತೆ ಹಾರುತ್ತಿತ್ತು. ಪ್ರದರ್ಶನದ ಮೈದಾನದ ಗೇಟು ಬಂತು. ಅವನು ತಿರುಗಲೇ ಇಲ್ಲ! ಊರು ದಾಟಿ, ಹತ್ತಿ ಹೊಲಗಳ ನಡುವಿನ ನೇರ ರಸ್ತೆಗೆ ಹೊಕ್ಕು ಆಕ್ಸಿಲರೇಟರ್ ತುಳಿದ. ನವಿಲು ಕಿರುಚಿಕೊಂಡು ಓಡಿತು. ವೆಲ್ಡಾ ಸುಮ್ಮನಿರುವವಳೇ? ಫೋರ್ಡ್ ಅದರ ಹಿಂದೆ ಗುಡುಗಿತು. ನನ್ನ ಪಿಕಪ್ಪಿಗೆ ಸಿಕ್ಕಿದ್ದು ಇಬ್ಬರ ಧೂಳು.

ನಾನು ತಲುಪಿದಾಗ ಎರಡೂ ಕಾರುಗಳು ರಸ್ತೆ ಪಕ್ಕದಲ್ಲಿ ನಿಂತಿದ್ದವು. ಎಲಿಸಿಯೊ ಮಕ್ಕಳಂತೆ ನಗುತ್ತಿದ್ದ. ನವಿಲಿನ ಮೂತಿಯ ಬಣ್ಣ ಕಲ್ಲೇಟಿಗೆ ಅಲ್ಲಲ್ಲಿ ಎದ್ದಿತ್ತು.

"ಎಲ್ಲಿಗೆ ಹೊರಟಿದ್ಯೋ ಹುಚ್ಚಪ್ಪಾ?" ಎಂದಳು ವೆಲ್ಡಾ.

"ಗೇಟು ಕಾಣ್ಲೇ ಇಲ್ಲ, ದೋನ್ಯಾ."

"ಕಣ್ಣಿನ ವಿಷ್ಯ ಹಂಗಿರ್ಲಿ ಬಿಡು. ಎಡಗಡೆಯದೊಂದು ಸಿಲಿಂಡರ್ ಸರಿಯಾಗಿ ಉರೀತಿಲ್ಲ. ನಾಳೆ ಕ್ಲೀಟಸ್‌ಗೆ ತೋರ್ಸು."

ಮೈದಾನ ತಲುಪಿ, ಪಾರ್ಕಿಂಗ್‌ನಲ್ಲೇ ಅವಳು ಸೀಳನ್ನು ಹೊಲಿದಳು. ಬಿಳಿ ದಾರ ಅಂಗಡಿಯಲ್ಲೇ ಉಳಿದಿತ್ತು, ಪೆಟ್ಟಿಗೆಯಲ್ಲಿದ್ದದ್ದು ಹಸಿರು. ಸೀಳಿನುದ್ದಕ್ಕೂ ಹಸಿರು ದಾರವನ್ನು ಗರಿಯ ದಂಟಿನಂತೆ ಎಳೆದುಬಿಟ್ಟಳು. ತೀರ್ಪುಗಾರರು ಎದ್ದ ಬಣ್ಣ ನೋಡಿ ತಲೆ ಅಲ್ಲಾಡಿಸಿ ಮುಂದೆ ಹೋದರು. ಬಹುಮಾನ ಬರಲಿಲ್ಲ. ಆದರೆ ಕತ್ತಲಾಗುವವರೆಗೂ ಜನ ಆ ಕಾರಿನ ಮುಂದೆಯೇ ಸಾಲುಗಟ್ಟಿದ್ದರು. ಒಬ್ಬ ಮುದುಕಿ ಸೀಟು ಸವರಿ, "ಯಾರಮ್ಮಾ ಇದನ್ನ ಹೊಲಿದೋರು?" ಎಂದು ಕೇಳಿದಳು.

"ನಾನು," ಎಂದಳು ವೆಲ್ಡಾ. ಒಂದು ಕುಹಕವನ್ನೂ ಸೇರಿಸಲಿಲ್ಲ. ಅವಳ ಬಾಯಲ್ಲಿ ಅಷ್ಟು ಮೆತ್ತನೆಯ ಮಾತು ನಾನು ಕೇಳಿದ್ದು ಅದೇ ಮೊದಲು.

ಎಲಿಸಿಯೊ ಮತ್ತೆ ಗುಮ್ಮಟ ಹಾಕಲಿಲ್ಲ. ಭಾನುವಾರ ಪ್ರಾರ್ಥನೆಗೆ ತಾಯಿಯನ್ನು ಅದರಲ್ಲೇ ಕೂರಿಸಿಕೊಂಡು ಹೋಗುತ್ತಿದ್ದ. ಆಕೆ ತಲೆಗೆ ವಸ್ತ್ರ ಬಿಗಿದುಕೊಂಡು ರಾಣಿಯಂತೆ ಕೂತಿರುತ್ತಿದ್ದಳು. ವೆಲ್ಡಾ ಶೋ ಕಾರುಗಳನ್ನು ಬೈಯುವುದನ್ನೇನೂ ಬಿಡಲಿಲ್ಲ. ಆದರೆ ಅವುಗಳ ಕೆಲಸ ಬಂದರೆ ಬೇಡ ಅನ್ನುತ್ತಿರಲಿಲ್ಲ.

ಆ ಚಳಿಗಾಲ ಫೋರ್ಡಿಗೆ ಟಯರ್ ಬದಲಿಸಲು ನನ್ನಲ್ಲಿಗೆ ಬಂದಿದ್ದಳು. ಕಾರು ಸರಿಸೋಣವೆಂದು ಒಳಗೆ ಕೂತು ತಲೆಯೆತ್ತಿದೆ. ಬೂದು ಚಾವಣಿಯ ಒಳಮೈಗೆ ಅಂಚಿನಿಂದ ಅಂಚಿಗೆ ಮುತ್ತಿನ ಬಿಳುಪಿನ ಉಬ್ಬುಗಳು, ಗುಂಡಿಗಳು, ನಟ್ಟನಡುವೆ ಬಿಚ್ಚಿದ ಗರಿ. ಹೊರಗಿನಿಂದ ಯಾರಿಗೂ ಕಾಣುವಂತಿರಲಿಲ್ಲ.

"ಏನಮ್ಮಾ ಇದು?" ಅಂದೆ.

"ಬಿಸಿಲು ತಡೆಯುತ್ತೆ," ಎಂದಳು.

ಆಗ ಡಿಸೆಂಬರ್. ರಸ್ತೆಯಾಚೆಯ ಅವಳ ಅಂಗಡಿಯೇ ಕಾಣದಷ್ಟು ಮಂಜು ಕವಿದಿತ್ತು. ನಾನು ಜಾಕ್ ತರಲು ಹೋದೆ.