ಸ್ಕ್ರೂ ಮೇಲಿನ ಕೆಂಪು ಚುಕ್ಕೆ

ಟಕ್. ಟಕ್. ಟಕ್. ಫ್ಯಾನು ಒಂದು ಸುತ್ತು ಬಂದರೆ ಒಂದು ಟಕ್.

ಅಫ್ರೀನ್ ಬೆನ್ನು ತಿರುಗಿಸಿ ಕೂತು ಯಾರದೋ ಲ್ಯಾಪ್‌ಟಾಪಿನ ಬೋರ್ಡಿಗೆ ಬೆಸುಗೆ ಹಾಕುತ್ತಿದ್ದಳು. ಸದ್ದು ಕೇಳಿದ್ದೇ ಕೈ ನಿಂತಿತು. ತಿರುಗಿ ನೋಡುವ ಅಗತ್ಯವೇ ಇರಲಿಲ್ಲ. ಹನ್ನೆರಡು ದಿನದ ಹಿಂದೆ ಇದೇ ಅಂಗಡಿಯಲ್ಲಿ, ಇದೇ ಮೇಜಿನ ಮೇಲೆ ಅವಳು ಪರೀಕ್ಷೆ ಮಾಡಿ, ‘ಇದು ಮಾರೋದು ಬೇಡ’ ಎಂದು ಪಕ್ಕಕ್ಕೆ ಎತ್ತಿಟ್ಟಿದ್ದ ಗ್ರಾಫಿಕ್ಸ್ ಕಾರ್ಡಿನ ಫ್ಯಾನು ಅದು. ಸದ್ದಿನ ಹಿಂದೆಯೇ ಆ ಕಾರ್ಡಿನ ವಾಸನೆಯೂ ನೆನಪಾಯಿತು.

“ಅಕ್ಕಾ, ನೀವೇ ಇಂಗ್ ಮಾಡುದ್ರೆ ಇನ್ಯಾರನ್ನ ನಂಬೋದು?”

ಬಾಗಲೂರಿನ ಯೋಗಾನಂದ. ಮದುವೆ, ನಾಮಕರಣಗಳ ವಿಡಿಯೊ ತೆಗೆದು ಎಡಿಟ್ ಮಾಡಿಕೊಡುವವನು. ತನ್ನ ಕಂಪ್ಯೂಟರನ್ನೇ ಸ್ಕೂಟರಿನಲ್ಲಿ ಕಟ್ಟಿಕೊಂಡು ಬಂದು, ಗಲ್ಲಾಪೆಟ್ಟಿಗೆಯ ಪಕ್ಕ ಚಾಲೂ ಮಾಡಿ ನಿಂತಿದ್ದ. ಪರದೆಯ ತುಂಬ ಹಸಿರು ಗೆರೆಗಳು. ಅದರ ಹಿಂದೆ ಮದುಮಗಳ ಮುಖ ಚೂರುಚೂರಾಗಿ ಕಾಣುತ್ತಿತ್ತು.

“ಮುನಿನಾರಾಯಣಪ್ಪನೋರ ಮಗಳ ಮದ್ವೆ. ನಾಡಿದ್ದು ಬೀಗರ ಔತಣಕ್ಕೆ ತೋರಿಸ್ಬೇಕು. ಧಾರೆ ಎರೆಯೋ ಜಾಗಕ್ಕೆ ಬಂದ್ರೆ ಸಾಕು, ಇದು ಸತ್ತೋಗ್ತದೆ.”

“ಕಾರ್ಡ್‌ಗೇನಾಗಿದೆ ಗುರು?” ಅಂಗಡಿಯ ಯಜಮಾನ ಶಿವರಾಮ್ ಮೊಬೈಲಿನಿಂದ ತಲೆ ಎತ್ತಿದ. “ನಿಮ್ಮೂರ ಕರೆಂಟು ಸರಿ ಇಲ್ಲ, ಅಷ್ಟೆ. ನೋಡಿ, ನಮ್ಮ ಅಫ್ರೀನಮ್ಮಂದೇ ಚುಕ್ಕೆ. ಆರ್.ಟಿ. ನಗರದಲ್ಲಿ ಯಾರನ್ನ ಬೇಕಾದ್ರೂ ಕೇಳಿ. ಅವಳು ಪಾಸ್ ಮಾಡಿದ್ಮೇಲೆ ಮುಗೀತು.”

ಅವನು ಹೇಳಿದ್ದರಲ್ಲಿ ಕೊನೆಯ ಮಾತು ಮಾತ್ರ ನಿಜ.

ಅಫ್ರೀನ್‌ಳ ತಂದೆ ಗಯಾಸ್ ಸಾಬರು ಇದೇ ರಸ್ತೆಯಲ್ಲಿ ಟಿ.ವಿ. ರಿಪೇರಿ ಮಾಡುತ್ತಿದ್ದವರು. ಮುಚ್ಚಳ ತೆಗೆಯುವ ಮೊದಲು ಕಿವಿಗೊಡಬೇಕು ಎನ್ನುವುದನ್ನು ಅವಳಿಗೆ ಕಲಿಸಿದ್ದು ಅವರು. ಅವರ ಅಂಗಡಿ ಮುಚ್ಚಿದ ವರ್ಷ ಅವಳು ಶಿವರಾಮನ ಕಂಪ್ಯೂಟರ್ ಅಂಗಡಿ ಸೇರಿದಳು. ಈಗ ಹನ್ನೊಂದು ವರ್ಷ. ಹಳೆಯ ಕಾರ್ಡು ಯಾವುದೇ ಬರಲಿ, ಅರ್ಧ ಗಂಟೆ ಭಾರದ ಕೆಲಸ ಕೊಟ್ಟು ಕೂರುವಳು. ಮೊದಲ ಐದು ನಿಮಿಷ ಎಲ್ಲ ಕಾರ್ಡುಗಳೂ ಹೆಣ್ಣು ನೋಡಲು ಬಂದ ಗಂಡಿನ ಹಾಗೆ ಸಭ್ಯವಾಗಿಯೇ ಇರುತ್ತವೆ ಎಂದು ನಗುವಳು. ಅರ್ಧ ಗಂಟೆ ತಡೆದುಕೊಂಡದ್ದಕ್ಕೆ ಮಾತ್ರ ಹಿಂಬದಿಯ ಒಂದು ಸ್ಕ್ರೂಗೆ ಕೆಂಪು ನೇಲ್ ಪಾಲಿಶಿನ ಚುಕ್ಕೆ. ಆ ಬಾಟಲಿ ಚಿಕ್ಕಮ್ಮನ ಮಗಳ ಮದುವೆಯಲ್ಲಿ ಸಿಕ್ಕ ಉಡುಗೊರೆ. ಐದು ಹೊತ್ತು ನಮಾಜಿಗೆ ಮುಂಚೆ ಕೈಕಾಲು ತೊಳೆದು ವುಜೂ ಮಾಡುವವಳು. ಪಾಲಿಶ್ ಹಚ್ಚಿದರೆ ಉಗುರಿಗೆ ನೀರು ತಾಗುವುದಿಲ್ಲವೆಂದು ಅವಳು ಅದನ್ನು ಎಂದೂ ಬೆರಳಿಗೆ ಹಚ್ಚಲಿಲ್ಲ. ಬಣ್ಣ ಚೆನ್ನಾಗಿತ್ತು, ಎಸೆಯಲು ಮನಸ್ಸಾಗಲಿಲ್ಲ. ಅದು ಮುಗಿದ ಮೇಲೆ ಅದೇ ಬಣ್ಣವನ್ನು ಹುಡುಕಿ ತಂದಳು. ಈಗ ಹೆಬ್ಬಾಳ, ಯಲಹಂಕದಿಂದ ಬಂದವರೂ ಬೆಲೆ ಕೇಳುವ ಮೊದಲು ಕಾರ್ಡು ತಿರುಗಿಸಿ ನೋಡುತ್ತಿದ್ದರು.

“ಒಂದ್ನಿಮಿಷ ಇರಿ ಯೋಗಾನಂದ” ಎಂದಳು. ಕಾರ್ಡನ್ನು ಬಿಚ್ಚಿ ಕೈಗೆ ತೆಗೆದುಕೊಂಡಳು.

ಎರಡು ವಾರದ ಹಿಂದೆ ಶಿವರಾಮ್ ಹೆಸರಘಟ್ಟದ ಕಡೆಯಿಂದ ಒಂದು ಗೋಣಿಚೀಲದ ತುಂಬ ಕಾರ್ಡು ತರಿಸಿದ್ದ. ಹಳೇ ಕೋಳಿ ಶೆಡ್ಡೊಂದರಲ್ಲಿ ಯಾರೋ ಅವನ್ನು ಸಾಲಾಗಿ ನೇತುಹಾಕಿ, ಎರಡು ವರ್ಷ ಹಗಲೂ ರಾತ್ರಿ ಬಿಟ್‌ಕಾಯಿನ್ ಥರದ ಆನ್‌ಲೈನ್ ನಾಣ್ಯ ಗಳಿಸಲು ಓಡಿಸಿದ್ದರು. ಚೀಲ ಬಿಚ್ಚಿದಾಗ ಕೋಳಿ ಹಿಕ್ಕೆಯ ಕಮಟು, ಸುಟ್ಟ ರಬ್ಬರಿನ ನಾತ. ಫ್ಯಾನಿನ ಎಲೆಗಳಿಗೆ ಬೂದು ನೂಲು, ಪುಕ್ಕ. ಶಾಖದಲ್ಲಿ ಹುರಿದುಹೋದ ಜಿರಳೆಗಳು. ಒಂದರೊಳಗೆ ಹಲ್ಲಿಮೊಟ್ಟೆ. ಕಾರ್ಡಿನ ಚಿಪ್ ಸುತ್ತ ಶಾಖ ಹೀರಲೆಂದು ಹಚ್ಚಿದ್ದ ಅಂಟೆಲ್ಲ ಬೆವತು, ಕೀವಿನಂತೆ ಎಣ್ಣೆ ಇಳಿದಿತ್ತು. ಅವಳು ಅಂದು ಮೂರು ಸಲ ಸೋಪು ಹಾಕಿ ಕೈ ತೊಳೆದರೂ ಮಧ್ಯಾಹ್ನದ ಡಬ್ಬಿ ತೆರೆಯಲಾಗಲಿಲ್ಲ.

ಅದೇ ದಿನ ಯಲಹಂಕದ ಒಂದು ಮನೆಯಿಂದ ಇನ್ನೊಂದು ಕಾರ್ಡು ಬಂತು. ಅದೇ ಕಂಪನಿ, ಅದೇ ನಂಬರು, ಅದೇ ವರ್ಷ. ನೀಲಿ ಡಬ್ಬ, ಬಿಲ್ಲು ಎಲ್ಲ ಇದ್ದದ್ದು. ಅವಳು ಚುಕ್ಕೆ ಇಟ್ಟದ್ದು ಅದಕ್ಕೆ.

“ಶಿವರಾಮಣ್ಣ, ನೀಲಿ ಡಬ್ಬದ್ದು ಎಲ್ಲಿ?”

“ಅದ್ಯಾಕೆ ಈಗ? ಅದು ಹೆಬ್ಬಾಳದ ಪಾರ್ಟಿಗೆ. ಸಂಜೆ ಬರ್ತಾರೆ.”

ಅವಳು ಗಾಜಿನ ಕಪಾಟು ತೆಗೆದು ತಾನೇ ಎತ್ತಿಕೊಂಡಳು. ಪರೀಕ್ಷೆಯ ಎರಡು ಕಂಪ್ಯೂಟರುಗಳನ್ನು ಅಕ್ಕಪಕ್ಕ ಇಟ್ಟು, ಒಂದೊಂದಕ್ಕೆ ಒಂದೊಂದು ಕಾರ್ಡು ಹಾಕಿ, ಎರಡಕ್ಕೂ ಒಂದೇ ಭಾರದ ಕೆಲಸ ಕೊಟ್ಟು ಓಡಿಸಿದಳು.

“ಟೀ ಕುಡೀರಿ. ಅರ್ಧ ಗಂಟೆ ಆಗುತ್ತೆ.”

“ಟೀ ಇಳಿಯಾಕಿಲ್ಲ ಅಕ್ಕಾ” ಎಂದ ಯೋಗಾನಂದ. ಆದರೂ ಕುಡಿದ.

ಐದು ನಿಮಿಷ. ಎರಡೂ ಕಾರ್ಡು ಸೆಕೆಂಡಿಗೆ ತೊಂಬತ್ತೆರಡು ಚಿತ್ರ ಓಡಿಸುತ್ತಿದ್ದವು.

“ನೋಡಿದ್ರಾ? ಅಕ್ಕ-ತಂಗೀರ ಹಾಗಿವೆ” ಎಂದ ಶಿವರಾಮ್.

ಹನ್ನೆರಡನೇ ನಿಮಿಷಕ್ಕೆ ಎಡಗಡೆಯದು, ಯೋಗಾನಂದ ತಂದದ್ದು, ಎಪ್ಪತ್ತಕ್ಕೆ ಇಳಿಯಿತು. ಟಕ್ ಟಕ್ ಜೋರಾಯಿತು. ಅಂಗಡಿಯಲ್ಲಿ ಕೋಳಿ ಶೆಡ್ಡಿನ ನಾತ ಮೆಲ್ಲಗೆ ಏಳತೊಡಗಿತು. ಯೋಗಾನಂದ ಟೀ ಲೋಟ ದೂರ ಇಟ್ಟು ಮೂಗು ಮುಚ್ಚಿಕೊಂಡ. ಇಪ್ಪತ್ತಕ್ಕೆ ಐವತ್ತನಾಲ್ಕು. ಇಪ್ಪತ್ತಮೂರಕ್ಕೆ ಹಸಿರು ಗೆರೆ. ಬಲಗಡೆಯದು ತೊಂಬತ್ತೊಂದರಲ್ಲಿ ತಣ್ಣಗೆ ಓಡುತ್ತಲೇ ಇತ್ತು.

“ಅಂಗಾದ್ರೆ ನೀವು ಇದಕ್ಕೆ ಚುಕ್ಕೆ ಯಾಕಿಟ್ರಿ?” ಯೋಗಾನಂದನ ದನಿಯಲ್ಲಿ ಸಿಟ್ಟಿಗಿಂತ ನೋವಿತ್ತು. ಅದೇ ಅವಳಿಗೆ ಹೆಚ್ಚು ಚುಚ್ಚಿತು.

ಅವಳು ಎರಡನ್ನೂ ಬಿಚ್ಚಿ ಬೋರಲು ಹಾಕಿದಳು. ಕೈದೀಪ ಹಿಡಿದಳು.

ಅವಳ ಚುಕ್ಕೆ ಸ್ಕ್ರೂ ಮೇಲೆ ಮಾತ್ರ ಕೂರುವುದಲ್ಲ. ಅರ್ಧ ಸ್ಕ್ರೂ ಮೇಲೆ, ಅರ್ಧ ಪಕ್ಕದ ತಗಡಿನ ಮೇಲೆ ಬೀಳುವಂತೆ ಇಡುವುದು ಅವಳ ರೂಢಿ. ತನ್ನ ಕೈ ದಾಟಿದ ಮೇಲೆ ಯಾರಾದರೂ ಸ್ಕ್ರೂ ತಿರುಗಿಸಿದರೆ ಚುಕ್ಕೆ ಸೀಳುತ್ತದೆ. ಹನ್ನೊಂದು ವರ್ಷ ಪಕ್ಕದಲ್ಲೇ ಕೂತಿದ್ದರೂ ಶಿವರಾಮ್ ಅದನ್ನು ಗಮನಿಸಿರಲಿಲ್ಲ. ಅವನು ಮಾರುತ್ತಿದ್ದ, ನೋಡುತ್ತಿರಲಿಲ್ಲ.

ಕೆಟ್ಟ ಕಾರ್ಡಿನ ಸ್ಕ್ರೂ ಮೇಲೆ ಅರ್ಧಚಂದ್ರದಷ್ಟು ಕೆಂಪು. ಪಕ್ಕದ ತಗಡು ಬೋಳು. ಒಳ್ಳೆಯ ಕಾರ್ಡಿನ ಸ್ಕ್ರೂ ಬೋಳು. ಪಕ್ಕದ ತಗಡಿನ ಮೇಲೆ ಉಳಿದರ್ಧ ಚಂದ್ರ.

ಯೋಗಾನಂದ ಬಗ್ಗಿ ನೋಡಿದ. ಇದರಿಂದ ಅದಕ್ಕೆ, ಅದರಿಂದ ಇದಕ್ಕೆ ಕಣ್ಣಾಡಿಸಿದ. ಆಮೇಲೆ ನಿಧಾನವಾಗಿ ತಲೆ ಎತ್ತಿ ಶಿವರಾಮನನ್ನು ನೋಡಿದ.

“ಸ್ಕ್ರೂ ಬದ್ಲಾಯಿಸಿದ್ರಾ ಅಣ್ಣಾ?” ಅಫ್ರೀನ್ ಕೇಳಿದಳು.

ಶಿವರಾಮ್ ನಕ್ಕ. ಅವನಿಗೆ ನಾಚಿಕೆಯಾಗಿದ್ದರೆ ಅವಳು ಬಹುಶಃ ಆ ಅಂಗಡಿಯಲ್ಲೇ ಉಳಿಯುತ್ತಿದ್ದಳು.

“ಅಯ್ಯೋ, ಸ್ಕ್ರೂ ತಾನೇ? ಕಿಡ್ನಿ ಏನಲ್ವಲ್ಲ! ಡಬ್ಬ, ಬಿಲ್ಲು ಇರೋದಕ್ಕೆ ಚುಕ್ಕೆ ಯಾಕೆ ಹೇಳು, ಅದು ಹಂಗೇ ಹೋಗುತ್ತೆ. ಇವ್ರು ಚುಕ್ಕೆ ಬೇಕೇ ಬೇಕು ಅಂತ ಹಟ ಹಿಡಿದ್ರು. ಕೊಟ್ಟೆ. ವ್ಯಾಪಾರ ಕಣಮ್ಮ.”

ತನ್ನ ಬಾಚಣಿಗೆಯಲ್ಲಿ ಬೇರೆ ಯಾರದೋ ಕೂದಲು ಕಂಡಂತೆ ಅವಳ ಮೈ ಜುಮ್ಮೆಂದಿತು. ಆ ಹಲ್ಲಿಮೊಟ್ಟೆ, ಆ ಎಣ್ಣೆ, ಅವನ್ನೆಲ್ಲ ಒರೆಸಿ ತೆಗೆಯಬಹುದಿತ್ತು. ಇದಕ್ಕೆ ಬಟ್ಟೆ ಇರಲಿಲ್ಲ. ಇದೊಂದೇನಾ, ಇನ್ನೆಷ್ಟು? ಶಿವರಾಮನತ್ತ ನೋಡಿದಳು. ಆ ನಗು ಇನ್ನೂ ಅಲ್ಲೇ ಇತ್ತು.

ಒಳ್ಳೆಯ ಕಾರ್ಡನ್ನು ಯೋಗಾನಂದನ ಕಂಪ್ಯೂಟರಿಗೆ ಕೂರಿಸಿದಳು. ಪರದೆಯ ಮೇಲೆ ಮದುಮಗಳ ಮುಖ ಒಂದಾಯಿತು.

“ಇದು ನಿಮ್ದು. ನೀವು ದುಡ್ಡು ಕೊಟ್ಟಿದ್ದೇ ಇದಕ್ಕೆ. ಹೊರಡಿ, ಔತಣಕ್ಕೆ ಮುಂಚೆ ಎಡಿಟ್ ಮುಗಿಸ್ಬೇಕಲ್ಲ.”

“ಏಯ್, ಅದು ಹೆಬ್ಬಾಳದೋರಿಗೆ...” ಶಿವರಾಮ್ ಅರ್ಧ ಎದ್ದ. ಯೋಗಾನಂದ ಆಗಲೇ ಕಂಪ್ಯೂಟರನ್ನು ಮಗುವಿನಂತೆ ಎದೆಗವಚಿಕೊಂಡಿದ್ದ. ಅವನ ಮುಖ ನೋಡಿ ಶಿವರಾಮ್ ಮತ್ತೆ ಕೂತ. “ಹೋಗ್ಲಿ ಬಿಡು. ಆಗಿದ್ದಾಯ್ತು. ಅಫ್ರೀನಮ್ಮ, ನೀನು ನಮ್ಮನೆ ಮಗಳ ಥರ. ಇಷ್ಟಕ್ಕೆಲ್ಲ ಮುಖ ಊದಿಸ್ಕೋತಾರಾ?”

ಅವಳು ಸೋಪು ಹಾಕಿ ಮೊಣಕೈವರೆಗೆ ಕೈ ತೊಳೆದಳು. ಒರೆಸಿಕೊಂಡಳು. ಅಬ್ಬಾನ ಬೆಸುಗೆ ಕಡ್ಡಿ ತಣ್ಣಗಾಗಿದೆಯೇ ಎಂದು ಮುಟ್ಟಿ ನೋಡಿ ಚೀಲಕ್ಕೆ ಹಾಕಿದಳು. ಊಟದ ಡಬ್ಬಿ. ಮೇಜಿನ ಖಾನೆಯಿಂದ ಕೆಂಪು ಬಾಟಲಿ.

“ಗೋಣೀಲಿ ಇನ್ನೂ ಹನ್ನೊಂದಿವೆ, ನಾಗಸಂದ್ರಕ್ಕೆ ಕಳಿಸ್ಬೇಕು” ಶಿವರಾಮ್ ಮೊಬೈಲಿನತ್ತ ಕಣ್ಣಿಟ್ಟೇ ಹೇಳುತ್ತಿದ್ದ. “ಪರೀಕ್ಷೆ ಗಿರೀಕ್ಷೆ ಏನೂ ಬೇಡ, ಸುಮ್ನೆ ಒಂದೊಂದು ಚುಕ್ಕೆ. ಎರಡು ನಿಮಿಷದ ಕೆಲಸ. ಈ ಸಲ ತಗಡಿನ ಮೇಲೂ ಸರಿಯಾಗಿ ಹಚ್ಬಿಡು, ಯಾರೂ ಏನೂ... ಅಫ್ರೀನಮ್ಮ? ಎಲ್ಲಿಗೆ? ಹೋಗೋದಾದ್ರೆ ಆ ಬಾಟ್ಲಿನಾದ್ರೂ ಇಟ್ಟು...”

ಅವಳು ಮೆಟ್ಟಿಲಿಳಿದು, ಚಪ್ಪಲಿ ಮೆಟ್ಟಿಕೊಂಡು, ಬಸ್‌ಸ್ಟಾಪಿನ ಕಡೆ ನಡೆದಿದ್ದಳು.