ಇಪ್ಪತ್ತಮೂರು ಪಿನ್ನು, ಒಂದು ಕನ್ನಡಕ

ಕಳೆದ ಗುರುವಾರ ಬೆಳಿಗ್ಗೆ, ಬಂಗಾರಪೇಟೆಯಿಂದ ಊರಿಗಾಂಗೆ ಹೋಗುವ ರೈಲಿನಲ್ಲಿ, ಡಬ್ಬಿ ತುಂಬ ಜನರೆದುರು, ಮೊಸರು ಮಾರುವ ಮುನೆಮ್ಮ ನನ್ನ ತಲೆಯಿಂದ ಇಪ್ಪತ್ತಮೂರು ಪಿನ್ನು ಕಿತ್ತಳು. ನಾನು ಅತ್ತುಬಿಟ್ಟೆ. ನೋವಿಗಲ್ಲ, ಸುಖಕ್ಕೆ.

ಮೊದಲಿಂದ ಹೇಳುತ್ತೇನೆ. ನನ್ನ ಕೂದಲು ಮೊಣಕಾಲು ಮುಟ್ಟುತ್ತದೆ. (ಜಂಬವಲ್ಲ, ದೂರು.) ಕಂಡವರೆಲ್ಲ "ಅಬ್ಬಾ, ಏನು ಕೂದಲೇ!" ಎನ್ನುತ್ತಾರೆ. ಒಬ್ಬರಾದರೂ "ಕೊಡು, ಅರ್ಧ ಗಂಟೆ ನಾನು ಹೊರುತ್ತೇನೆ" ಎಂದಿದ್ದಾರೆಯೇ?

ಜಡೆ ಹಾಕಿ ಇಳಿಬಿಟ್ಟಿದ್ದಷ್ಟು ದಿನ ಹೇಗೋ ನಡೆಯಿತು. ಈ ಜೂನ್‌ನಲ್ಲಿ ಊರಿಗಾಂನ ಶಾಲೆಯೊಂದರಲ್ಲಿ ನನಗೆ ಟೀಚರ್ ಕೆಲಸ ಸಿಕ್ಕಿತು. ಮೊದಲ ದಿನವೇ ಹೆಡ್‌ಮಿಸ್ಟ್ರೆಸ್ ನನ್ನನ್ನು ನೋಡಿ, ಎಂಟನೇ ಕ್ಲಾಸಿಗೆ ಹೋಗಿ ಕೂತುಕೋ ಎಂದರು. ನಾನೂ ಟೀಚರೇ ಎಂದು ಗೊತ್ತಾದ ಮೇಲೆ ಅವರಿಗೆ ನಗು ಬರಲಿಲ್ಲ. "ಜಡೆ ಮಕ್ಕಳಿಗೆ. ಟೀಚರಿಗೆ ತುರುಬು. ನಾಳೆಯಿಂದ" ಎಂದರು.

ತುರುಬು ಎಂದರೆ ಸುಲಭವೇ? ಹಿಂದೆ ಕಟ್ಟಿದರೆ ಮಕ್ಕಳಿಂದ ಏಳರ ಮಗ್ಗಿ ಹೇಳಿಸುವಷ್ಟರಲ್ಲಿ ಜಾರಿ ಬೆನ್ನಿಗೆ ಬೀಳುತ್ತಿತ್ತು. ಪತ್ರಿಕೆಯ ಚಿತ್ರ ನೋಡಿ ನಡುನೆತ್ತಿಯ ಮೇಲೆ ಕಟ್ಟಿದೆ. (ಈಗ ಅದೇ ಫ್ಯಾಷನ್ನಂತೆ.) ನಿಲ್ಲಿಸಲು ಹತ್ತು ಪಿನ್ನು ಸಾಲಲಿಲ್ಲ, ಹದಿನೈದು ಸಾಲಲಿಲ್ಲ. ಕೊನೆಗೆ ನಿಂತಿತು. ವಾರದೊಳಗೆ ತಲೆನೋವು ಶುರುವಾಯಿತು.

ಮನೆಯಲ್ಲಿ ವಿಚಾರಣೆ ನಡೆಯಿತು. ಅಪ್ಪ ರೈಲ್ವೆ ಗೂಡ್ಸ್ ಷೆಡ್ಡಿನ ಗುಮಾಸ್ತರು. ಅವರ ಪ್ರಕಾರ ಇದು ಊರಿಗಾಂನ ಚಿನ್ನದ ಗಣಿಯವರು ಸುರಿದ ಸೈನೈಡ್ ಮಣ್ಣಿನ ಗುಡ್ಡದ ಧೂಳು. (ನಮ್ಮ ಕಡೆ ನೆಗಡಿಯಿಂದ ಹಿಡಿದು ಮಗ ಫೇಲಾಗುವವರೆಗೆ ಎಲ್ಲಕ್ಕೂ ಅದೇ ಧೂಳು.) ಅಮ್ಮ ದೃಷ್ಟಿಯಾಗಿದೆ ಎಂದು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. "ನೋಡು, ಘಾಟೇ ಬರ್ಲಿಲ್ಲ" ಎಂದಳು, ಕೆಮ್ಮುತ್ತಲೇ.

ಡಾಕ್ಟರು ನನ್ನ ತಲೆನೋವಿನ ವಿಷಯವನ್ನು ಪೂರ್ತಿ ಅಪ್ಪನ ಹತ್ತಿರವೇ ಕೇಳಿ ತಿಳಿದುಕೊಂಡರು. "ಮದುವೆ ಮಾಡಿ, ಸರಿಹೋಗುತ್ತೆ. ಅಲ್ಲೀವರೆಗೂ ಒಂದು ಕನ್ನಡಕ ಹಾಕ್ಸಿ." ಆಂಡರ್ಸನ್‌ಪೇಟೆಯ ಕನ್ನಡಕದಂಗಡಿಯವನು ಪರೀಕ್ಷೆ ಮಾಡಿ, "ಪವರ್ ಏನೂ ಇಲ್ಲ ಸಾರ್. ಆದ್ರೂ ಒಂದು ಇರ್ಲಿ" ಎಂದ. ಅಪ್ಪನೂ "ಇರ್ಲಿ" ಎಂದರು.

ಬುಧವಾರ ಕನ್ನಡಕ ಬಂತು. ನೋವು ಹೋಗಲಿಲ್ಲ. ಅಪ್ಪ ತೀರ್ಪು ಕೊಟ್ಟರು: "ಭಾನುವಾರದವರೆಗೂ ನೋಡೋಣ. ವಾಸಿಯಾಗ್ಲಿಲ್ಲ ಅಂದ್ರೆ ಸೋಮವಾರ ರಾಜೀನಾಮೆ. ಊರಿಗಾಂ ಗಾಳಿ ನಿನಗೆ ಒಗ್ಗೋಲ್ಲ."

ಆ ಕೆಲಸವೆಂದರೆ ನನಗೆ ಪ್ರಾಣ. ಅದು ಹೋದರೆ ಉಳಿಯುವುದು ಅಡುಗೆಮನೆ, ಮತ್ತು ಡಾಕ್ಟರು ಹೇಳಿದ ಮೊದಲನೇ ಔಷಧಿ.

ಗುರುವಾರ ರೈಲಿನಲ್ಲಿ ಹಣೆ ಒತ್ತಿಕೊಂಡು ಕೂತಿದ್ದೆ. ಎದುರಿಗೆ ಮುನೆಮ್ಮ. ಅವಳ ಕೂದಲೂ ನನ್ನಷ್ಟೇ ಉದ್ದ. ಸಾಲದ್ದಕ್ಕೆ ದಿನವೂ ತಲೆಯ ಮೇಲೊಂದು ಮೊಸರಿನ ಕೊಡ.

"ಯಾಕ್ ಟೀಚರಮ್ಮಾ, ಮಖ ಇಂಗ್ ಮಾಡ್ಕೊಂಡಿದ್ದೀಯ?"

"ತಲೆನೋವು, ಮುನೆಮ್ಮ."

ಅವಳು ಧೂಳು ಎನ್ನಲಿಲ್ಲ, ನಮ್ಮಪ್ಪನನ್ನು ಕೇಳಬೇಕು ಎನ್ನಲಿಲ್ಲ. ನೇರ ತುರುಬಿಗೇ ಕೈ ಹಾಕಿದಳು. "ಅಯ್ಯೋ ದೇವುಡಾ! ಇದೇನ್ ತಲೆನಾ, ಮೊಳೆ ಡಬ್ಬಿನಾ?"

ಒಂದೊಂದೇ ಪಿನ್ನು ಕಿತ್ತು ಕೊಡದ ಮುಚ್ಚಳಕ್ಕೆ ಹಾಕಿದಳು. ಪಕ್ಕದವರು ಎಣಿಸಿದರು. ಆಮೇಲೆ ಕೂದಲನ್ನು ಎರಡು ಪಾಲು ಮಾಡಿ, ಸಡಿಲವಾಗಿ ಹಗ್ಗದಂತೆ ಹೊಸೆದು, ಕುತ್ತಿಗೆಯ ಮೇಲೆ ಸುತ್ತಿಟ್ಟು, ತುದಿಯನ್ನು ಅಡಿಯಿಂದ ತೂರಿಸಿ ಎಳೆದಳು. ಅಷ್ಟೇ. ಪಿನ್ನಿಲ್ಲ, ರಬ್ಬರ್ ಬ್ಯಾಂಡಿಲ್ಲ.

"ಕೂದ್ಲನ್ನ ಕೂದ್ಲೇ ಇಡ್ಕೊಂತದೆ ಕಣಮ್ಮ. ನೆತ್ತಿ ಮ್ಯಾಕೆ ಯಾಕ್ ಏರಿಸ್ತೀಯಾ? ಅದು ಕೊಡ ಕುಂತ್ಕೊಳ್ಳೋ ಜಾಗ."

ಊರಿಗಾಂ ಬರುವಷ್ಟರಲ್ಲಿ ತಲೆ ಹಗುರಾಗಿತ್ತು. ಅಂದು ಇಪ್ಪತ್ತರ ಮಗ್ಗಿಯವರೆಗೂ ಹೇಳಿಸಿದೆ. ತುರುಬು ಅಲ್ಲಾಡಲಿಲ್ಲ.

ಭಾನುವಾರ ಅಪ್ಪ ಕೇಳಿದರು. "ನೋವು ಪೂರ್ತಿ ಹೋಯ್ತಪ್ಪ" ಎಂದೆ.

"ನೋಡ್ದ್ಯಾ, ಕನ್ನಡಕ!" ಎಂದರು.

"ಮೆಣಸಿನಕಾಯಿ" ಎಂದಳು ಅಮ್ಮ.

ನಾನು ಮುನೆಮ್ಮನ ವಿಷಯ ಹೇಳಿ, ಅವಳು ಕಟ್ಟಿಕೊಟ್ಟಿದ್ದ ಪಿನ್ನಿನ ಪೊಟ್ಟಣವನ್ನೇ ಮುಂದಿಟ್ಟೆ. ಅಪ್ಪನಿಗೆ ಸಿಟ್ಟು ಬಂತು. "ಪಿನ್ನಿಂದ ಯಾರಿಗಾದ್ರೂ ತಲೆನೋವು ಬರುತ್ತೇನೇ? ಡಾಕ್ಟರಿಗಿಂತ ಮೊಸರಿನವಳು ಹೆಚ್ಚಾದ್ಲಾ? ಕನ್ನಡಕ ಇದ್ರೆ ಸ್ಕೂಲು. ತೆಗೆದ್ಯೋ, ರಾಜೀನಾಮೆ!"

ಹೀಗಾಗಿ ಪವರಿಲ್ಲದ ಗಾಜನ್ನು ಮೂಗಿನ ಮೇಲೆ ಹೊತ್ತು ಪಾಠ ಮಾಡುತ್ತಿದ್ದೇನೆ. "ಈಗ ಟೀಚರ್ ಥರ ಕಾಣ್ತೀರಿ" ಎಂದು ಹೆಡ್‌ಮಿಸ್ಟ್ರೆಸ್ ಮೆಚ್ಚಿಕೊಂಡರು. ಎರಡು ದಿನದಿಂದ ಮೂಗು ನೋಯುತ್ತಿದೆ. (ಮನೆಯಲ್ಲಿ ಹೇಳಿಲ್ಲ.)

ನೀವೇ ಹೇಳಿ: ತಲೆಯ ಮೇಲಿದ್ದ ಇಪ್ಪತ್ತಮೂರು ಪಿನ್ನು ಕಾಣದೆ ಹೋದದ್ದು ಅವರಿಗೆ, ಕನ್ನಡಕ ನನಗೇಕೆ?